ಹಳ್ಳದ ನೀರಲ್ಲಿ ಸತು ಅಳೆದ ನನ್ನ ಅನುಭವ

ಮೊದಲ ಲ್ಯಾಬ್ ರಿಪೋರ್ಟ್ ಕೈಗೆ ಬಂದಾಗ ಸತುವಿನ ಅಂಕಿ ನೋಡಿ ಬೆಚ್ಚಿಬಿದ್ದೆ. ಹಳ್ಳದ ಐದು ಕಡೆಯ ನೀರು, ಐದರಲ್ಲೂ ಸತು ಜಾಸ್ತಿ. ಯಾವ ಕೊಳಕೂ ಸೇರದ ಮೇಲ್ಭಾಗದಲ್ಲೂ ಜಾಸ್ತಿ! ಅಲ್ಲೇ ಅನುಮಾನ ಬಂತು. ಪುಟದ ಕೆಳಗೆ ಬ್ಲ್ಯಾಂಕ್ ಬಾಟಲಿಯ ಅಂಕಿ ಇತ್ತು. ಲೋಹವಿಲ್ಲದ ಶುದ್ಧ ನೀರನ್ನು ಹಳ್ಳದ ದಡಕ್ಕೇ ಒಯ್ದು, ಅದೇ ಬಕೆಟ್ಟಿಗೆ ಸುರಿದು, ಅದೇ ರೀತಿ ಸೋಸಿ ತುಂಬಿದ ಬಾಟಲಿ ಅದು. ಅದರಲ್ಲೂ ಸತು ಇತ್ತು. ಅಂದರೆ ನಾನು ಅಳೆದದ್ದು ಹಳ್ಳವನ್ನಲ್ಲ, ನಮ್ಮ ಬಕೆಟ್ಟನ್ನು. ತಗಡಿನ ಬಕೆಟ್, ಮೇಲೆ ಸತುವಿನ ಲೇಪ.

ಇಲ್ಲಿ ಲೆಕ್ಕ ನಡೆಯುವುದು ಮೈಕ್ರೋಗ್ರಾಂನಲ್ಲಿ, ಅಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲಿನಲ್ಲಿ. ಕೈಬೆರಳು, ಧೂಳು, ಪೌಡರ್ ಹಚ್ಚಿದ ಗ್ಲೌಸ್ ಯಾವುದಾದರೂ ಸಾಕು ಅಂಕಿ ಕೆಡಿಸಲು. ಆಮೇಲೆ ಬಕೆಟ್ ಬಿಟ್ಟೆವು. ಇಬ್ಬರು ಹೋಗುತ್ತೇವೆ. ಒಬ್ಬರು ಚೀಲ ತೆರೆಯುವುದು, ಪುಸ್ತಕದಲ್ಲಿ ಬರೆಯುವುದು, ಮೀಟರ್ ಹಿಡಿಯುವುದು. ಇನ್ನೊಬ್ಬರು ಪೌಡರ್ ಇಲ್ಲದ ಗ್ಲೌಸ್ ಹಾಕಿ ಬಾಟಲಿಯನ್ನು ಮಾತ್ರ ಮುಟ್ಟುತ್ತಾರೆ, ಬೇರೆ ಏನನ್ನೂ ಮುಟ್ಟುವುದಿಲ್ಲ. ಆಸಿಡ್‌ನಲ್ಲಿ ತೊಳೆದ ಪ್ಲಾಸ್ಟಿಕ್ ಬಾಟಲಿ. ನೀರು ಬರುವ ದಿಕ್ಕಿಗೆ ಮುಖ ಮಾಡಿ ನಿಂತು, ಕಾಲಿನಿಂದ ಎದ್ದ ಕೆಸರು ಹಿಂದಕ್ಕೆ ಹರಿದುಹೋದ ಮೇಲೆಯೇ ತುಂಬಿಸುತ್ತೇವೆ.

ನಂತರ ಸೋಸುವುದು. ಇದನ್ನು ದಡದಲ್ಲೇ ಮುಗಿಸಬೇಕು ಅನ್ನುವುದರಲ್ಲಿ ನಾನು ತುಂಬಾ ಹಟವಾದಿ. ಸಿರಿಂಜಿನ ತುದಿಗೆ 0.45 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ರಂಧ್ರದ ಫಿಲ್ಟರ್ ಸಿಕ್ಕಿಸಿ ಒತ್ತುತ್ತೇವೆ. ಮೊದಲು ಬರುವ ಸ್ವಲ್ಪ ನೀರನ್ನು ಚೆಲ್ಲಿಬಿಡುತ್ತೇವೆ. ಮಳೆ ಬಂದ ಮಾರನೇ ದಿನ ಎರಡು ಸಿರಿಂಜ್ ಒತ್ತುವಷ್ಟರಲ್ಲಿ ಬಿಳಿ ಫಿಲ್ಟರ್ ಕಂದು ಬಣ್ಣಕ್ಕೆ ತಿರುಗಿ, ಹೆಬ್ಬೆರಳು ನೋಯುವಷ್ಟು ಬಿಗಿಯಾಗುತ್ತದೆ. ಆಗ ಜೋರಾಗಿ ಒತ್ತಬಾರದು, ಫಿಲ್ಟರ್ ಬದಲಿಸಬೇಕು. ಸೋಸಿದ ಮೇಲೆಯೇ ನೈಟ್ರಿಕ್ ಆಸಿಡ್, ಪಿಎಚ್ (ನೀರಿನ ಆಮ್ಲೀಯತೆಯ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ) 2ಕ್ಕಿಂತ ಕೆಳಗೆ ಇಳಿಯುವಷ್ಟು. ಆಸಿಡ್ ಹಾಕದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಳ್ಳುತ್ತದೆ. ಸೋಸುವ ಮೊದಲೇ ಹಾಕಿದರೆ ಮಣ್ಣಿನ ಕಣಕ್ಕೆ ಅಂಟಿದ್ದ ಲೋಹವೂ ಬಿಟ್ಟು ನೀರಿಗೆ ಸೇರುತ್ತದೆ. ಆಮೇಲೆ ಕರಗಿದ್ದೆಷ್ಟು, ಮಣ್ಣಿನದ್ದೆಷ್ಟು ಅಂತ ಯಾರಿಗೂ ಹೇಳಲು ಆಗುವುದಿಲ್ಲ. ಜಲಚರಗಳನ್ನು ಕಾಪಾಡುವ ಮಿತಿಗಳಲ್ಲಿ ಹಲವು ಕರಗಿದ ಲೋಹಕ್ಕೇ ಇರುವುದು, ಅಲ್ವಾ?

ಇಷ್ಟೆಲ್ಲ ಸರಿಯಾದ ಮೇಲೆ ಒಂದು ಸುತ್ತಿನಲ್ಲಿ ಸತು ಲೀಟರಿಗೆ 48 ಮೈಕ್ರೋಗ್ರಾಂ ಬಂತು. ಜೊತೆಗಿದ್ದವರು, 'ಮಿತಿ 120 ಅಲ್ವಾ ಸಾರ್, ಚಿಂತೆ ಇಲ್ಲ' ಅಂದರು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯ ಪಟ್ಟಿಯಲ್ಲಿ 120 ಇರುವುದು ನಿಜ. ಆದರೆ ಅದು ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂನ ಅಳತೆ, ಲೀಟರಿಗೆ 100 ಮಿಲಿಗ್ರಾಂ ಇದ್ದಾಗ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಮೀನಿನ ಕಿವಿರಿನ ಹತ್ತಿರ ಸತುವಿನ ಜೊತೆ ಜಾಗಕ್ಕೆ ಪೈಪೋಟಿ ಮಾಡುತ್ತವೆ, ಹಾಗಾಗಿ ವಿಷ ಕಡಿಮೆ. ಮೆದು ನೀರಿನಲ್ಲಿ ಆ ಕಾವಲು ಇಲ್ಲ. ಗಡಸುತನ 50 ಆದರೆ ಮಿತಿ ಸುಮಾರು 65ಕ್ಕೆ ಇಳಿಯುತ್ತದೆ, 25 ಆದರೆ ಸುಮಾರು 36ಕ್ಕೆ. ಅಂದು ನಮ್ಮ ಹಳ್ಳದ ಗಡಸುತನ 25ರ ಆಸುಪಾಸಿನಲ್ಲಿತ್ತು. 48 ಅಂದರೆ ಮಿತಿ ದಾಟಿತ್ತು! ಗಡಸುತನ ಅಳೆಯದೆ ಬಂದಿದ್ದರೆ ಆ ಹಳ್ಳಕ್ಕೆ ಸುಮ್ನೆ 'ಪಾಸ್' ಅಂತ ಬರೆದುಬಿಡುತ್ತಿದ್ದೆವು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಸೀಸ, ಕ್ಯಾಡ್ಮಿಯಂ, ನಿಕ್ಕಲ್‌ಗಳ ಮಿತಿಯೂ ಹೀಗೇ ಗಡಸುತನದ ಜೊತೆ ಬದಲಾಗುತ್ತದೆ. ಈಗ ಅದೇ ಬಾಟಲಿಯಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಅಳೆಸುತ್ತೇನೆ.

ಹೊತ್ತೂ ಮುಖ್ಯ. ಹಗಲು ಪಾಚಿ ಬಿಸಿಲಿಗೆ ಕೆಲಸ ಮಾಡುವಾಗ ನೀರಿನ ಪಿಎಚ್ ಏರುತ್ತದೆ, ಸತು ಕಲ್ಲು ಪಾಚಿಗೆ ಅಂಟುತ್ತದೆ. ರಾತ್ರಿ ಮತ್ತೆ ಬಿಟ್ಟುಕೊಳ್ಳುತ್ತದೆ. ನಾವು ಯಾವಾಗಲೂ ಮಧ್ಯಾಹ್ನವೇ ಹೋಗುತ್ತಿದ್ದೆವು, ಸತು ಅತಿ ಕಡಿಮೆ ಇರುವ ಹೊತ್ತಿಗೆ. ಈಗ ಪ್ರತಿ ಬಾಟಲಿಯ ಚೀಟಿಯಲ್ಲಿ ಗಂಟೆ ಬರೆಯುತ್ತೇವೆ. ಮಿತಿಯ ಹತ್ತಿರ ಬಂದ ಜಾಗಕ್ಕೆ ಟಾರ್ಚ್ ಹಿಡಿದು ಬೆಳಗಾಗುವ ಮೊದಲೇ ಇನ್ನೊಮ್ಮೆ ಹೋಗುತ್ತೇವೆ.