ಮಳೆಗಾಲಕ್ಕೆ ನನ್ನ ಕ್ರೋಮ್ ಸೆಟ್ಟಿಂಗ್

ಸೋಮವಾರಪೇಟೆ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ. ಆಫೀಸ್ ಅಂದ್ರೆ ಅಡುಗೆಮನೆ ಪಕ್ಕದ ಮೇಜು, ಅದರ ಮೇಲೆ 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್. ಬುಕಿಂಗ್, ವಾಟ್ಸಾಪ್ ವೆಬ್, ಕಾಫಿ ರೇಟು, ಮಗಳ ಯೂಟ್ಯೂಬ್, ಎಲ್ಲವೂ ಕ್ರೋಮ್‌ನಲ್ಲೇ. ಹೋದ ಜುಲೈನಲ್ಲಿ ಮೌಸಿನ ಬಾಣ ಇಂಬಳದ ಹಾಗೆ ನಿಂತು ನಿಂತು ಹೋಗುತ್ತಿತ್ತು.

ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಮೆಮೊರಿ (ಅಂದ್ರೆ ರ‍್ಯಾಮ್) 80% ಇದ್ದರೆ ಗಾಬರಿ ಬೇಡ. ಖಾಲಿ ಬಿದ್ದಿರುವ ರ‍್ಯಾಮ್‌ನಿಂದ ಯಾರಿಗೇನು ಲಾಭ? ಮೆಮೊರಿ 95% ಹತ್ತಿರ, ಡಿಸ್ಕ್ ಕೂಡ 100% ಅಂತ ಕುಣಿಯುತ್ತಿದ್ದರೆ ಮಾತ್ರ ತೊಂದರೆ. ರ‍್ಯಾಮ್‌ನಲ್ಲಿ ಜಾಗ ಸಾಲದೆ ವಿಂಡೋಸ್ ಸಾಮಾನನ್ನು ಹಾರ್ಡ್ ಡಿಸ್ಕ್‌ಗೆ ಸಾಗಿಸುತ್ತಿದೆ ಅಂತ ಅರ್ಥ. ಹಾರ್ಡ್ ಡಿಸ್ಕ್ ಬಲು ನಿಧಾನ.

ಆಮೇಲೆ ಕ್ರೋಮ್ ಒಳಗೆ ಶಿಫ್ಟ್, ಎಸ್ಕೇಪ್ ಒತ್ತಿ. ಯಾವ ಟ್ಯಾಬ್ ಎಷ್ಟು ಮೆಮೊರಿ ತಿನ್ನುತ್ತಿದೆ ಅಂತ ಕಾಣುತ್ತದೆ. ನಾನು ಯೂಟ್ಯೂಬ್ ಅಂದುಕೊಂಡಿದ್ದೆ. ಸಿಕ್ಕಿಬಿದ್ದದ್ದು ಯಾವತ್ತೋ ಹಾಕಿದ ಕೂಪನ್ ಎಕ್ಸ್‌ಟೆನ್ಷನ್, ಅಂದ್ರೆ ಕ್ರೋಮ್‌ಗೆ ಅಂಟಿಸುವ ಸಣ್ಣ ಪ್ರೋಗ್ರಾಂ! ಕಿತ್ತು ಹಾಕಿದೆ. (2018ರಿಂದ ಕ್ರೋಮ್ ಸುರಕ್ಷತೆಗಾಗಿ ಬೇರೆ ಬೇರೆ ಸೈಟ್‌ಗಳನ್ನು ಬೇರೆ ಬೇರೆ ಪ್ರೊಸೆಸ್‌ನಲ್ಲಿ, ಒಂದೊಂದಕ್ಕೂ ಒಂದು ಕೋಣೆ ಅನ್ನುವ ಹಾಗೆ, ಇಡುತ್ತದೆ. ಅದಕ್ಕೂ ಸ್ವಲ್ಪ ಜಾಸ್ತಿ ಮೆಮೊರಿ ಹೋಗುತ್ತದೆ. ಅದನ್ನು ಮಾತ್ರ ಆಫ್ ಮಾಡಲು ಹೋಗಬೇಡಿ.)

ಈಗ ಸೆಟ್ಟಿಂಗ್ಸ್‌ನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ ಸೇವರ್. ಬಳಸದೆ ಬಿಟ್ಟ ಟ್ಯಾಬ್‌ಗಳನ್ನು ಇದು ಮಲಗಿಸಿ ಮೆಮೊರಿ ಉಳಿಸುತ್ತದೆ. ಮಾಡರೇಟ್, ಬ್ಯಾಲೆನ್ಸ್ಡ್, ಮ್ಯಾಕ್ಸಿಮಮ್ ಅಂತ ಮೂರಿವೆ: ಮಾಡರೇಟ್ ತಡವಾಗಿ ಮಲಗಿಸುತ್ತದೆ, ಮ್ಯಾಕ್ಸಿಮಮ್ ಬೇಗ. ನಾನು ಆಸೆಬುರುಕ, ಮ್ಯಾಕ್ಸಿಮಮ್ ಹಾಕಿದೆ. ಲ್ಯಾಪ್‌ಟಾಪ್ ಹಗುರಾಯ್ತು ನಿಜ. ಆದರೆ ಒಂದು ಸಂಜೆ ಗಾಳಿ ಮಳೆಗೆ ಕರೆಂಟ್ ಹೋಯಿತು, ಮೋಡೆಮ್ ಸತ್ತಿತು. ಅಷ್ಟರಲ್ಲಿ ಮೈಸೂರಿನಿಂದ ಫೋನ್: "ಶನಿವಾರ ರೂಮ್ ಇದ್ಯಾ ಸಾರ್?" ಬುಕಿಂಗ್ ಟ್ಯಾಬ್ ಒತ್ತಿದರೆ, ಇಂಟರ್ನೆಟ್ ಇಲ್ಲದಾಗ ಕ್ರೋಮ್ ತೋರಿಸುವ ಡೈನೋಸಾರ್ ನಿಂತಿದೆ! ಮಲಗಿಸಿದ ಟ್ಯಾಬ್ ಮತ್ತೆ ಎದ್ದೇಳಲು ಇಂಟರ್ನೆಟ್ ಬೇಕು, ಅಲ್ವಾ? ಅದು ಆಗ ಹೊಳೆಯಿತು.

ಹಾಗಾಗಿ ನಮ್ಮ ಕಡೆ ಟ್ಯಾಬ್‌ಗಳನ್ನು ಮಳೆಗಾಲದ ಸೌದೆ ಹಾಗೆ ಒಳಗೇ ಇಟ್ಟುಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ಮಾಡರೇಟ್ ಇಡುತ್ತೇನೆ, ಬೇಸಿಗೆಗೆ ಬ್ಯಾಲೆನ್ಸ್ಡ್. ಅದೇ ಪುಟದ ಕೆಳಗೆ, ಯಾವಾಗಲೂ ಎಚ್ಚರ ಇರಬೇಕಾದ ಸೈಟ್‌ಗಳ ಪಟ್ಟಿಗೆ ಬುಕಿಂಗ್, ವಾಟ್ಸಾಪ್ ಎರಡನ್ನೇ ಸೇರಿಸಿದ್ದೇನೆ. ಎಲ್ಲವನ್ನೂ ಸೇರಿಸಿದರೆ ಸೇವರ್ ಸುಮ್ನೆ ದಂಡ.

ಗಾಳಿ ಜೋರಾದ ಕೂಡಲೇ ಕಂಟ್ರೋಲ್ ಜೊತೆ ಪಿ ಒತ್ತಿ, ಬುಕಿಂಗ್ ಕ್ಯಾಲೆಂಡರನ್ನು ಪಿಡಿಎಫ್ ಆಗಿ ಉಳಿಸಿಕೊಳ್ಳುತ್ತೇನೆ.