ಗೊನೆ ಇಳಿಸಿದ ಮೇಲೆ ಬಾಳೆದಿಂಡು ಬಿಡಿಸುವುದು ಹೀಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ತೋಟ ಇದ್ದಲ್ಲೆಲ್ಲ ನಡುವೆ ಬಾಳೆ ಇದ್ದೇ ಇರುತ್ತದೆ. ಗೊನೆ ಮನೆಗೆ ಬರುತ್ತದೆ, ಎಲೆ ಊಟಕ್ಕೆ ಆಗುತ್ತದೆ. ದಿಂಡು ಮಾತ್ರ ಈಗೀಗ ತೋಟದಲ್ಲೇ ಕೊಳೆಯುತ್ತಿದೆ. ನಾರು ತೆಗೆಯುತ್ತಾ ಕೂರಲು ಪುರುಸೊತ್ತಿಲ್ಲ ಅನ್ನುತ್ತಾರೆ. ಕೈಗೆ ರೂಢಿಯಾದರೆ ಅದು ಅಷ್ಟೇನೂ ಹೊತ್ತು ಹಿಡಿಯುವುದಿಲ್ಲ.

ಬಾಳೆಯ ನಿಜವಾದ ಕಾಂಡ ಮಣ್ಣೊಳಗಿನ ಗಡ್ಡೆ. ಮೇಲೆ ಕಾಣುವುದೆಲ್ಲ ಸುತ್ತಿಕೊಂಡ ಎಲೆಗಳ ಬುಡ. ಹೂ ಬಿಡುವ ಹೊತ್ತಿಗೆ ಗಡ್ಡೆಯಿಂದ ಬಿಳಿ ದಂಟೊಂದು ಆ ಪದರಗಳ ನಡುವೆ ಮೇಲೇರುತ್ತದೆ. ಅದೇ ದಿಂಡು. ಹಾಗಾಗಿ ಗೊನೆ ಹಾಕದ ಗಿಡ ಕಡಿದರೆ ತಿನ್ನುವಂಥ ದಿಂಡು ಸಿಗುವುದಿಲ್ಲ. ಒಂದು ಗಿಡ ಗೊನೆ ಹಾಕುವುದು ಒಂದೇ ಸಲ, ಆಮೇಲೆ ಅದನ್ನು ಕಡಿಯಲೇಬೇಕು.

ಗೊನೆ ಇಳಿಸಿದ ದಿನವೇ ದಿಂಡು ತೆಗೆಯಿರಿ. ಹಳೇ ಬಟ್ಟೆ ಹಾಕಿಕೊಳ್ಳಿ, ಬಾಳೆ ಕರೆ ಹತ್ತಿದರೆ ಹೋಗುವುದಿಲ್ಲ. ಕತ್ತಿಯಿಂದ ಉದ್ದಕ್ಕೆ ಗೀರಿ ಪಟ್ಟೆಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ. ಇನ್ನು ಬಿಚ್ಚಲು ಬರುವುದಿಲ್ಲ, ನುಣ್ಣಗೆ ಬೆಳ್ಳಗಿದೆ ಅನ್ನುವಲ್ಲಿ ನಿಲ್ಲಿಸಿ.

ಅಡುಗೆಮನೆಗೆ ಬಂದ ಮೇಲೆ ಮೊದಲು ಒಂದು ಪಾತ್ರೆಯಲ್ಲಿ ನೀರುಮಜ್ಜಿಗೆ ಇಟ್ಟುಕೊಳ್ಳಿ. ದಿಂಡನ್ನು ತೆಳ್ಳಗೆ ಬಿಲ್ಲೆಯಾಗಿ ಕೊಯ್ಯಿರಿ. ಪ್ರತಿ ಸಲ ಚಾಕು ದಾಟಿದಾಗ ಬಿಲ್ಲೆಗೂ ದಿಂಡಿಗೂ ನಡುವೆ ಜೇಡನ ಎಳೆಯಂಥ ನಾರು ಎದ್ದು ಬರುತ್ತದೆ. ಅದನ್ನು ತೋರುಬೆರಳಿಗೆ ಸುತ್ತಿ ಎಳೆದುಬಿಡಿ, ಮುಂದಿನ ಬಿಲ್ಲೆಗೂ ಹಾಗೇ. ಸ್ವಲ್ಪ ಹೊತ್ತಿಗೆ ಬೆರಳಲ್ಲಿ ಒಂದು ಉಂಗುರವೇ ಆಗಿರುತ್ತದೆ. ನಾಲ್ಕೈದು ಬಿಲ್ಲೆ ಪೇರಿಸಿ ಸಣ್ಣಗೆ ಹೆಚ್ಚಿ ಕೂಡಲೇ ಮಜ್ಜಿಗೆಗೆ ಹಾಕಿ. ತಡಮಾಡಿದರೆ ಕಪ್ಪಾಗುತ್ತದೆ. ಕೊನೆಗೆ ಕಡೆಗೋಲಿನಿಂದ ಒಮ್ಮೆ ತಿರುಗಿಸಿದರೆ ಉಳಿದ ನಾರೂ ಅದಕ್ಕೇ ಸುತ್ತಿಕೊಳ್ಳುತ್ತದೆ.

ಪಲ್ಯ ಎಲ್ಲರೂ ಮಾಡುತ್ತಾರೆ. ನನ್ನ ಮಟ್ಟಿಗೆ ದಿಂಡಿನ ರುಚಿ ಗೊತ್ತಾಗುವುದು ಹಸಿಯಾಗಿ ಮಾಡುವ ‘ಸಾಸಿವೆ’ ಅನ್ನುವ ಮೊಸರಿನ ಪದಾರ್ಥದಲ್ಲೇ. ಹೆಚ್ಚಿದ ದಿಂಡನ್ನು ಹಿಂಡಿ ಉಪ್ಪು ಬೆರೆಸಿ. ತೆಂಗಿನತುರಿ, ಹಸಿಮೆಣಸು, ಅರ್ಧ ಚಮಚ ಸಾಸಿವೆ ರುಬ್ಬಿ ಹಾಕಿ. ಹುಳಿ ಇಲ್ಲದ ಮೊಸರು ಸೇರಿಸಿ ಒಗ್ಗರಣೆ ಕೊಡಿ. ಸಾಸಿವೆ ಜಾಸ್ತಿಯಾದರೆ ಕಹಿ ಬರುತ್ತದೆ, ನೋಡಿಕೊಳ್ಳಿ.

ದಿಂಡಿನಲ್ಲಿ ಇರುವುದು ಬಹುಪಾಲು ನೀರು, ಜೊತೆಗೆ ನಾರು, ಪೊಟ್ಯಾಸಿಯಂ. ಕ್ಯಾಲರಿ ಕಡಿಮೆ. ಹೊಟ್ಟೆ ತುಂಬಿಸುವುದು ಬಾಳೆಕಾಯಿ. ತರಕಾರಿ ಬಾಳೆಯ 100 ಗ್ರಾಂ ಹಸಿಕಾಯಲ್ಲಿ ಸುಮಾರು 120ರಿಂದ 150 ಕ್ಯಾಲರಿ, 400 ಮಿಲಿಗ್ರಾಂಗೂ ಮೇಲೆ ಪೊಟ್ಯಾಸಿಯಂ ಇರುತ್ತದೆ. ಬಿ6 ಮತ್ತು ಸಿ ಜೀವಸತ್ವವೂ ಸಿಗುತ್ತದೆ. ಬೇಯಿಸಿದ ನೀರು ಚೆಲ್ಲಿದರೆ ಇದರಲ್ಲಿ ಒಂದಷ್ಟು ಹೋಗಿಬಿಡುತ್ತದೆ, ಅದಕ್ಕೇ ನೀರು ಕಡಿಮೆ ಇಟ್ಟು ಬೇಯಿಸಿ. ಕಾಯಿ ಹಣ್ಣಾಗುತ್ತಾ ಪಿಷ್ಟ ಸಕ್ಕರೆಯಾಗುತ್ತದೆ, ಸಕ್ಕರೆ ಕಾಯಿಲೆ ಇದ್ದವರು ಇದನ್ನು ಮರೆಯಬಾರದು.

ದಿಂಡು ತಿಂದರೆ ಕಿಡ್ನಿಯ ಕಲ್ಲು ಕರಗುತ್ತದೆ ಅನ್ನುವ ಮಾತು ನಮ್ಮಲ್ಲಿ ಬಹಳ ಹಳೆಯದು. ತಿನ್ನಿ, ಆದರೆ ಅದನ್ನೇ ನಂಬಿ ಡಾಕ್ಟರ ಹತ್ತಿರ ಹೋಗುವುದನ್ನು ಮುಂದೆ ಹಾಕಬೇಡಿ. ಕಿಡ್ನಿ ತೊಂದರೆ ಇದ್ದವರಿಗೆ ಪೊಟ್ಯಾಸಿಯಂ ಜಾಸ್ತಿಯಾದರೆ ಅಪಾಯ, ಅವರು ಕೇಳಿಕೊಂಡೇ ತಿನ್ನಬೇಕು.

ತೋಟದಲ್ಲಿ ಉಳಿದ ಪಟ್ಟೆಯನ್ನು ಇಡಿಯಾಗಿ ಬಿಡಬೇಡಿ, ಕಾಂಡ ಕೊರೆಯುವ ಹುಳು ಅಲ್ಲೇ ಸೇರಿಕೊಳ್ಳುತ್ತದೆ. ಸಣ್ಣಗೆ ಕೊಚ್ಚಿ ಅಡಿಕೆ ಬುಡಕ್ಕೆ ಹರಡಿ. ಬುಡದಲ್ಲಿ ಎದ್ದ ಕಂದುಗಳಲ್ಲಿ, ಅಂದರೆ ಮರಿಗಿಡಗಳಲ್ಲಿ, ಕತ್ತಿಯಂತೆ ಸಪೂರ ಎಲೆ ಇರುವ ಗಟ್ಟಿಯಾದ ಒಂದನ್ನು ಉಳಿಸಿಕೊಳ್ಳಿ, ಅಗಲ ಎಲೆಯವನ್ನು ಕಿತ್ತುಹಾಕಿ.