ಬಸಳೆ ಹಣ್ಣಿನಲ್ಲೂ ಫೋಟೋ ಮೂಡುತ್ತದೆ

ಉಡುಪಿ ಕಡೆ ಬಸಳೆ ಚಪ್ಪರ ಇಲ್ಲದ ಹಿತ್ತಿಲು ಕಡಿಮೆ. ಅದರ ಕಪ್ಪು ಹಣ್ಣು ಹಿಂಡಿದರೆ ಬರುವ ನೇರಳೆ ರಸದಲ್ಲೇ ನಾನು ಫೋಟೋ ಮಾಡುತ್ತೇನೆ. ಗಿಡದ ಬಣ್ಣ ಬಿಸಿಲಿಗೆ ಮಾಸುತ್ತದೆ, ಅಲ್ವಾ? ಅಷ್ಟೇ ಇದರ ಗುಟ್ಟು. ಆಂಥೋಟೈಪ್ ಅಂತಾರೆ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲೇ ಹೂವಿನ ರಸ ಬಳಿದ ಕಾಗದದಲ್ಲಿ ಇದನ್ನು ಮಾಡಿ ನೋಡಿದ್ದರು. ನೀಲಿ ಬಣ್ಣದ ಫೋಟೋ ಮೂಡಿಸುವ ಸಯನೋಟೈಪ್ ವಿಧಾನ ಕೂಡ ಅದೇ ವರ್ಷದ್ದು, ಅವರದ್ದೇ.

ಹಣ್ಣನ್ನು ನೀರು ಹಾಕದೆ ಕಿವುಚಿ, ಹಳೇ ಪಂಚೆ ಬಟ್ಟೆಯಲ್ಲಿ ಸೋಸುತ್ತೇನೆ. "ಬೀಜಕ್ಕೂ ನಾಲ್ಕು ಬಿಡು ಮಾರಾಯ" ಅಂತ ಅಮ್ಮನ ಗೊಣಗಾಟ ಇದ್ದೇ ಇದೆ. ದಪ್ಪ ವಾಟರ್‌ಕಲರ್ ಕಾಗದಕ್ಕೆ ಅಗಲ ಬ್ರಶ್‌ನಲ್ಲಿ ಎರಡು ಸಲ ಬಳಿದು, ಕತ್ತಲೆ ಕೋಣೆಯಲ್ಲಿ ಫ್ಯಾನ್ ಕೆಳಗೆ ಒಣಗಿಸಬೇಕು. ಮೇಲೆ ಜರಿಗಿಡದ ಎಲೆ, ಅದರ ಮೇಲೆ ಗಾಜು, ನಾಲ್ಕೂ ಬದಿಗೆ ಕ್ಲಿಪ್. ಹಸಿ ಎಲೆ ಮಾತ್ರ ಬೇಡ. ಬಿಸಿಲಿಗೆ ಗಾಜಿನಡಿ ಬೆವರುತ್ತದೆ, ಆ ನೀರಿಗೆ ರಸ ಕದಡಿ ಎಲೆಯ ಅಂಚೇ ಕಾಣುವುದಿಲ್ಲ. ಮೊದಲು ಪುಸ್ತಕದೊಳಗೆ ಇಟ್ಟು ಒಣಗಿಸಿ. ಬಸಳೆಗೆ ಹಲವು ದಿನದ ಬಿಸಿಲು ಬೇಕು. ಮಳೆಗಾಲದಲ್ಲಿ ಸುಮ್ನೆ ಕೈ ಹಾಕಬೇಡಿ, ಚಿತ್ರಕ್ಕಿಂತ ಮೊದಲು ಬೂಸ್ಟು ಬರುತ್ತದೆ.

ಅವಸರ ಇದ್ದವರಿಗೆ ಅರಿಶಿನವೇ ಸರಿ. ಅದರ ಬಣ್ಣ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಮೆಡಿಕಲ್‌ನಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕದಡಿ, ಸೋಸಿ ಬಳಿಯಬೇಕು. ಒಲೆ ಹತ್ತಿರ ಈ ಕೆಲಸ ಖಂಡಿತ ಬೇಡ. ಮಾರ್ಚ್ ತಿಂಗಳ ನಮ್ಮ ಬಿಸಿಲಿಗೆ ಕೆಲವು ಗಂಟೆ ಸಾಕು. ಗಾಜು ತೆಗೆದಾಗ ಬರೀ ಹಳದಿ ಮೇಲೆ ಹಳದಿ, ಏನೂ ಬಂದಿಲ್ಲ ಅನ್ನಿಸುತ್ತದೆ. ಚಿನ್ನದ ಕೆಲಸದವರು ಬಳಸುವ ಬಿಳಿಗಾರ, ಅಂದರೆ ಬೊರಾಕ್ಸ್, ಕರಗಿಸಿದ ನೀರು ಸಿಂಪಡಿಸಿ. ಎಲೆಯಿದ್ದ ಜಾಗ ಕಣ್ಣೆದುರೇ ಕೆಂಗಂದು ಆಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಓಕುಳಿ ಮಾಡಿದವರಿಗೆ ಇದೇನು ಹೊಸತಲ್ಲ.

ಫೋಟೋ ಮೂಡಿಸಲು ಕಪ್ಪು-ಬಿಳಿ ಅದಲುಬದಲಾದ ನೆಗೆಟಿವ್ ಆಗುವುದಿಲ್ಲ, ಇದ್ದ ಹಾಗೇ ಕಾಣುವ ಪಾಸಿಟಿವ್ವೇ ಬೇಕು. ನೆರಳು ಬಿದ್ದಲ್ಲಿ ಬಣ್ಣ ಉಳಿಯುತ್ತದೆ ನೋಡಿ. ಜೆರಾಕ್ಸ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಹಾಳೆಗೆ ಪ್ರಿಂಟ್ ಹಾಕಿಸುತ್ತೇನೆ. ಅದರ ಕಪ್ಪು ತೆಳು, ಹಾಗಾಗಿ ಎರಡು ಹಾಳೆ ಒಂದರ ಮೇಲೊಂದು. ಮುಖಗಳು ಮಸುಕಾಗುವುದೇ ಜಾಸ್ತಿ. ಯಕ್ಷಗಾನದ ಕಿರೀಟ, ಮಲ್ಪೆಯ ದೋಣಿಗಳಂಥ ಗಟ್ಟಿ ಗೆರೆಯ ಚಿತ್ರಗಳು ಚೆನ್ನಾಗಿ ಬರುತ್ತವೆ.

ಇದನ್ನು ಫಿಕ್ಸ್ ಮಾಡುವ ದಾರಿಯಿಲ್ಲ. ಗೋಡೆಗೆ ಹಾಕಿದರೆ ಮಾಸುತ್ತಲೇ ಹೋಗುತ್ತದೆ. ಒಣಗಿದ ಕೂಡಲೇ ಸ್ಕ್ಯಾನ್ ಮಾಡಿ, ಮೂಲವನ್ನು ಆಲ್ಬಮ್‌ನಲ್ಲಿ ಮುಚ್ಚಿಡುತ್ತೇನೆ. ಫ್ರೇಮ್ ಹಾಕಿಸಲು ಕೇಳಿದವರಿಗೆ ಸ್ಕ್ಯಾನ್‌ನ ಪ್ರಿಂಟ್ ಮಾತ್ರ ಕೊಡುವುದು.